ಡಿಂಗ ಈಗ ಭಾಲ್ಕಿಗೆ ಬರುವುದಿಲ್ಲ

ಕಳೆದ ದೀಪಾವಳಿಗೆ ಭಾಲ್ಕಿಯ ಅಕ್ಕನ ಮನೆಗೆ ಹೋಗಿದ್ದೆ. ಹೊರಡುವಾಗ ಅಕ್ಕ ನನ್ನ ಕೈಗೆ 500ರ ನೋಟು ತುರುಕಿದಳು. ‘ತಮ್ಮಾ, ನೀ ಬೀದರ್‌ದಾಗ ಇರ್ತಿ. ಈ ಹುಡುಗ್ರ ಕೈಯಾಗಿನ ಮೊಬೈಲ್ ಬಿಡಸ್ಲಿಕ್ಕ ಏನಾರ ತಂದು ಕೊಡು. ಕಾಮಿಕ್ಸ್ ತಾ, ಕಥಿ ಪುಸ್ತಕ ತಾ, ಯಾವ್ದಾರ ಛಲೋ ಸಿನಿಮಾ ಇದ್ರ ಹೇಳು’ ಎಂದಳು. ಬಿ.ಇ. ಓದುವ ತಮ್ಮನಿಗೆ ಇದೇನು ದೊಡ್ಡ ಕೆಲಸ ಎಂದು ನೋಟು ಜೇಬಿಗಿಟ್ಟುಕೊಂಡೆ. ಒಂದು ಸೆಮಿಸ್ಟರ್ ಕಳೆದ ಮೇಲೂ ಅದರಲ್ಲಿ 140 ರೂಪಾಯಿ ಉಳಿದಿದೆ. ಖರ್ಚು ಮಾಡಲು ಮನಸ್ಸಿಲ್ಲದೆ ಉಳಿದಿದ್ದಲ್ಲ.

ಅಕ್ಕನಿಗೆ ಇಬ್ಬರು ಮಕ್ಕಳು. ಅಳಿಯನಿಗೆ ಎಂಟು ವರ್ಷ, ಮೂರನೇ ಇಯತ್ತೆ. ಸೊಸೆಗೆ ಐದು. ಮನೆಯಲ್ಲಿ ಎಲ್ಲರದೂ ಕನ್ನಡವೇ. ಆದರೆ ಅಳಿಯ ಬಿದ್ದರೆ ‘ಬಚಾವ್’ ಅಂತಾನೆ, ತಂಗಿಯ ಮೇಲೆ ಸಿಟ್ಟು ಬಂದರೆ ಹಿಂದಿಯಲ್ಲಿ ಬೈತಾನೆ, ಒಬ್ಬನೇ ಆಡುವಾಗ ತನ್ನೊಂದಿಗೆ ತಾನೇ ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಾನೆ. ಬೀದರ್ ಜಿಲ್ಲೆಯಲ್ಲಿ ಇದು ಆಶ್ಚರ್ಯದ ಸಂಗತಿಯಲ್ಲ. ಇಲ್ಲಿ ಯಾರೂ ಒಂದೇ ಭಾಷೆಯಲ್ಲಿ ಬದುಕುವುದಿಲ್ಲ. ನನಗೆ ಚುಚ್ಚಿದ್ದು ಬೇರೆ. ಕನ್ನಡ ಪಾಠ ಓದು ಅಂದರೆ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ ಒಂದೊಂದು ಶಬ್ದ ಕೂಗುತ್ತಾ ಹೋದ. ಮುಗಿದ ಮೇಲೆ ‘ಏನ್ ಆಯ್ತೋ ಕಥಿಯಾಗ?’ ಎಂದು ಕೇಳಿದೆ. ‘ಕಥಿ ಅಲ್ಲ ಮಾಮಾ, ಇದು ಪಾಠ ಅದ’ ಎಂದ. ಕಥೆ ಅವನಿಗೆ ಹಿಂದಿಯಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುವುದು ಪಾಠ ಮಾತ್ರ.

ಹುಡುಕಾಟ ಬೀದರ್‌ನಿಂದ ಶುರುವಾಯಿತು. ಎರಡು ಶನಿವಾರ ಪುಸ್ತಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಪುಸ್ತಕದ ಅಂಗಡಿ ಅಂದೆ, ಆದರೆ ಹೆಚ್ಚಿನವು ಗೈಡ್ ಮತ್ತು ನೋಟ್‌ಬುಕ್ಕಿನ ಅಂಗಡಿಗಳು. ಎಫ್‌ಡಿಎ, ಪಿಎಸ್‌ಐ, ನೀಟ್, ಟಿಇಟಿ ಪುಸ್ತಕಗಳ ಗುಡ್ಡೆ. ಮಕ್ಕಳದ್ದು ಕೇಳಿದರೆ ಮೂರು ಬಗೆಯ ಸರಕು ಬಂತು: ಎ ಫಾರ್ ಆ್ಯಪಲ್‌ನ ದಪ್ಪ ರಟ್ಟಿನ ಪುಸ್ತಕ, ಬಣ್ಣ ತುಂಬುವ ಪುಸ್ತಕ, ಮತ್ತೆ ಇಂಗ್ಲಿಷ್‌ನಲ್ಲಿ ನೀತಿ ಕಥೆಗಳು. ಕನ್ನಡದಲ್ಲಿ ಪಂಚತಂತ್ರ, ತೆನಾಲಿ ರಾಮ, ಬೀರಬಲ್ ಒಂದೆರಡು ಕಡೆ ಸಿಕ್ಕವು. ಯಾರು ಬರೆದರೆಂಬ ಹೆಸರೇ ಇಲ್ಲ, ಚಿತ್ರಗಳು ಮಸಿ ಚೆಲ್ಲಿದಂತೆ. ಒಬ್ಬ ಅಂಗಡಿಯವರಿಗೆ ನೇರ ಕೇಳಿಯೇ ಬಿಟ್ಟೆ, ‘ಕಾಕಾ, ಛಲೋ ಪುಸ್ತಕ ಯಾಕ್ ತರ್ಸಲ್ಲ?’ ಎಂದು. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ‘ಹತ್ತು ತರ್ಸಿದ್ರ ಮೂರು ಹೋಗ್ತಾವ ತಮ್ಮಾ. ಉಳಿದ ಏಳು ವರ್ಷಗಟ್ಟಲೆ ಧೂಳ ತಿಂತಾವ. ಗೈಡ್ ಜೂನ್‌ದಾಗ ಬರ್ತದ, ಮಾರ್ಚ್‌ದಾಗ ಖಾಲಿ. ನೀನೇ ಹೇಳು, ಯಾವ್ದು ಇಡ್ಲಿ?’ ಎಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ತೆನಾಲಿ ರಾಮನನ್ನು 60 ರೂಪಾಯಿಗೆ ಕೊಂಡು ಬಂದೆ.

ಆ ವಾರ ಔರಾದ್‌ಗೆ ನಮ್ಮ ಮನೆಗೆ ಹೋದಾಗ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಅಕ್ಕನ ಕಾಲದ ‘ಬಾಲಮಂಗಳ’ ಮತ್ತು ‘ಚಂದಮಾಮ’ ಇದ್ದವು. ನಾನು ಕನ್ನಡ ಓದಲು ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಆ ಪೆಟ್ಟಿಗೆಯಿಂದ. ಎದೆ ಸೆಟೆದು ನಿಲ್ಲುವ ಆ ಇಲಿ, ಡಿಂಗ, ನನ್ನ ಮೊದಲ ಹೀರೊ. ಅಕ್ಕನ ಮೊದಲ ಹೀರೊನೂ ಅವನೇ. ಅಂಗಡಿಯೇ ಇಲ್ಲದ ಊರಿಗೆ ಇವು ಬಂದದ್ದು ಹೇಗೆ ಎಂದು ಮೊದಲ ಸಲ ಯೋಚಿಸಿದೆ. ಉತ್ತರ ಪಡಸಾಲೆಯಲ್ಲೇ ಕೂತು ಚಹಾ ಕುಡಿಯುತ್ತಿತ್ತು. ಅಪ್ಪ ಆಗ ಬೀದರ್–ಕಲಬುರಗಿ ಬಸ್ಸಿನ ಕಂಡಕ್ಟರ್. ಕಲಬುರಗಿ ನಿಲ್ದಾಣದಲ್ಲಿ ಗಾಡಿ ನಿಂತಾಗ ಪೇಪರ್ ಅಂಗಡಿಯಲ್ಲಿ ಒಂದು ಪತ್ರಿಕೆ ತಗೊಂಡು ಟಿಕೆಟ್ ಚೀಲದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ನಮ್ಮ ಓಣಿಯ ಇನ್ನೂ ನಾಲ್ಕು ಮನೆಗಳಿಗೆ ಅವರೇ ತರುತ್ತಿದ್ದರಂತೆ. ಈಗ ಅವರು ನಿವೃತ್ತರು. ಹೋದ ತಿಂಗಳು ಅದೇ ನಿಲ್ದಾಣಕ್ಕೆ ನಾನು ಹೋಗಿದ್ದೆ. ಅಪ್ಪ ಹೇಳಿದ ಗುರುತಿನ ಜಾಗದಲ್ಲಿ ಮೊಬೈಲ್ ಕವರು, ಚಾರ್ಜರು, ಚಿಪ್ಸಿನ ಮಾಲೆಗಳು ತೂಗುತ್ತಿದ್ದವು.

‘ಮೊಬೈಲ್ ಬಂದು ಪುಸ್ತಕ ಸತ್ತವು’ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದಾಗ ಲೆಕ್ಕ ಕೂಡಲಿಲ್ಲ. ‘ಚಂದಮಾಮ’ 1947ರ ಜುಲೈನಲ್ಲಿ ಮದ್ರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ, ಕೆಲವೇ ವರ್ಷಗಳಲ್ಲಿ ಕನ್ನಡಕ್ಕೂ ಬಂದು, ಒಂದೆರಡು ವರ್ಷ ಬಿಟ್ಟರೆ ಸತತವಾಗಿ ನಡೆದು, 2013ರ ಹೊತ್ತಿಗೆ ನಿಂತಿತು. ‘ಬಾಲಮಂಗಳ’ವೂ ಈಗಿಲ್ಲ. ಡೇಟಾ ಅಗ್ಗವಾಗಿ ನಮ್ಮಂಥವರ ಮನೆಗೆ ಯೂಟ್ಯೂಬ್ ನುಗ್ಗಿದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ. ಮಕ್ಕಳ ಕೈಗೇ ಫೋನು ಬಂದದ್ದು 2020ರ ಲಾಕ್‌ಡೌನ್‌ನಲ್ಲಿ, ಅದೂ ಪಾಠದ ಹೆಸರಿನಲ್ಲಿ. ಅಂದರೆ ಮೊಬೈಲ್ ಬಂದು ಪತ್ರಿಕೆಯನ್ನು ಹೊರಗೆ ದಬ್ಬಲಿಲ್ಲ. ಪತ್ರಿಕೆ ಎದ್ದು ಹೋಗಿ ಖಾಲಿ ಬಿದ್ದಿದ್ದ ಕುರ್ಚಿಯಲ್ಲಿ ಬಂದು ಕೂತಿತು. ಟಿ.ವಿ. ಕಾರ್ಟೂನುಗಳ ಪಾಲೂ ಇದರಲ್ಲಿ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಅಲ್ಲೂ ಒಂದು ವಿಚಿತ್ರವಿದೆ. 2012ರಲ್ಲಿ, ನಮ್ಮ ಪತ್ರಿಕೆಗಳು ಕೊನೆಯುಸಿರು ಎಳೆಯುತ್ತಿದ್ದ ಹೊತ್ತಿಗೇ, ಹಿಂದಿಯ ‘ಲೋಟ್‌ಪೋಟ್’ ಎಂಬ ಹಳೆಯ ಮಕ್ಕಳ ಪತ್ರಿಕೆಯಿಂದ ಮೋಟು ಮತ್ತು ಪತ್ಲು ಎದ್ದು ಬಂದು ಟಿ.ವಿ. ಹತ್ತಿದರು. ಇವತ್ತು ಅಳಿಯನ ಚೀಲದ ಮೇಲೂ ಅವರೇ, ನೀರಿನ ಬಾಟಲಿಯ ಮೇಲೂ ಅವರೇ. ಟಿ.ವಿ. ಬಂದರೆ ಕಾಮಿಕ್ಸಿನ ಪಾತ್ರ ಸಾಯಲೇಬೇಕು ಅಂತಿಲ್ಲ. ಯಾರೋ ಕೈಹಿಡಿದು ಈ ದಡದಿಂದ ಆ ದಡಕ್ಕೆ ದಾಟಿಸಬೇಕು. ಡಿಂಗನನ್ನು ಕನ್ನಡದಲ್ಲಿ ಯಾರೂ ದಾಟಿಸಲಿಲ್ಲ.

ಛೋಟಾ ಭೀಮನ ಕಥೆ ಇನ್ನೂ ಹತ್ತಿರದ್ದು. 2008ರಲ್ಲಿ ಶುರುವಾದ ಆ ಕಾರ್ಟೂನು ತಯಾರಾದದ್ದು ಹೈದರಾಬಾದ್‌ನ ಗ್ರೀನ್ ಗೋಲ್ಡ್ ಸಂಸ್ಥೆಯಲ್ಲಿ. ನಮ್ಮ ಬೀದರ್‌ನಿಂದ ಮೂರು ತಾಸಿನ ದಾರಿ, ಬೆಂಗಳೂರು ಒಂದು ರಾತ್ರಿಯ ದಾರಿ. ಆದರೂ ನಮ್ಮ ಮನೆಯಲ್ಲಿ ಭೀಮ ಯಾವತ್ತೂ ಹಿಂದಿಯನ್ನೇ ಮಾತಾಡಿದ್ದಾನೆ. ಇದಕ್ಕೆ ಒಂದು ಹಳೆಯ ಕಾರಣ ಇದೆ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಲಿಖಿತ ನಿಷೇಧ ಇತ್ತು. ಕನ್ನಡದ ಕಲಾವಿದರು, ತಂತ್ರಜ್ಞರ ಅನ್ನ ಉಳಿಯಲಿ ಎಂಬುದು ಅದರ ಹಿಂದಿನ ವಾದ, ಅದು ಸುಳ್ಳು ವಾದವೇನಲ್ಲ. ಆದರೆ 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಕ್ಕೆಲ್ಲ ಬಂದು ಕನ್ನಡಕ್ಕೆ ಮಾತ್ರ ಬರದೇ ಹೋದಾಗ ಜನ ಪ್ರಶ್ನೆ ಕೇಳಲು ಶುರು ಮಾಡಿದರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಎಂದು ಹೇಳಿ ದಂಡ ಹಾಕಿತು. ನಡುವೆ 2009ರಲ್ಲಿ ಕನ್ನಡದ್ದೇ ಮಕ್ಕಳ ಚಾನೆಲ್ ‘ಚಿಂಟು’ ಶುರುವಾಗಿ ಕೆಲವು ಕಾರ್ಟೂನುಗಳು ಕನ್ನಡ ಮಾತಾಡಿದವು. ಆದರೆ ಅಷ್ಟು ಹೊತ್ತಿಗೆ ಗಡಿ ಜಿಲ್ಲೆಯ ಮನೆಗಳಲ್ಲಿ ‘ಕಾರ್ಟೂನ್ ಅಂದರೆ ಹಿಂದಿ’ ಎಂಬುದು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಡಬ್ಬಿಂಗ್ ಬಂದರೆ ಕನ್ನಡತನ ಹೋಗುತ್ತದೆ ಎನ್ನುವವರಿಗೆ ನಮ್ಮ ಪೆಟ್ಟಿಗೆಯನ್ನೇ ತೋರಿಸಬೇಕೆನಿಸುತ್ತದೆ. ಡಿಂಗ ಮೂಲದಲ್ಲಿ ಮಲಯಾಳದ ಇಲಿ, ಅಲ್ಲಿ ಅವನ ಹೆಸರು ಡಿಂಕನ್. ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರ ಬರೆದ ಶಂಕರ್ ಇದ್ದದ್ದು ಮದ್ರಾಸಿನಲ್ಲಿ. ಎರಡೂ ಅನುವಾದವಾಗಿ ಬಂದವು, ಆದರೆ ನನ್ನ ಅಕ್ಕ ಕನ್ನಡ ಕಲಿತದ್ದು ಅವುಗಳಿಂದಲೇ. ಕನ್ನಡವೂ ಬೇರೆಯವರಿಗೆ ಕೊಟ್ಟಿದೆ. ‘ಅಮರ ಚಿತ್ರ ಕಥೆ’ ಎಂದರೆ ಎಲ್ಲರಿಗೂ ಅನಂತ ಪೈ ನೆನಪಾಗುತ್ತಾರೆ, 1967. ಆದರೆ ಅದಕ್ಕೂ ಎರಡು ವರ್ಷ ಮೊದಲು, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಸಲಹೆಯಂತೆ ಇಂಡಿಯಾ ಬುಕ್ ಹೌಸ್ ಆ ಸರಣಿಯ ಮೊದಲ ಹತ್ತು ಸಂಚಿಕೆಗಳನ್ನು ತಂದದ್ದು ಕನ್ನಡದಲ್ಲಿ. ಸಿಂಡ್ರೆಲ್ಲಾಳಂಥ ವಿದೇಶಿ ಕಥೆಗಳು ಅವು. ಇಂಗ್ಲಿಷಿನ ‘ಕೃಷ್ಣ’ ಸಂಚಿಕೆಯ ಮೇಲೆ 11 ಎಂಬ ಸಂಖ್ಯೆ ಇರುವುದು ಅದಕ್ಕೇ. ಇಡೀ ದೇಶದ ಕಾಮಿಕ್ಸ್ ಅಂಗಡಿಗೆ ಬೋಣಿ ಮಾಡಿದ ಭಾಷೆಯಲ್ಲಿ ನನಗೆ ಎರಡು ಶನಿವಾರ ಸುತ್ತಿದರೂ ಒಂದು ಕಾಮಿಕ್ಸ್ ಸಿಗಲಿಲ್ಲ.

ಇನ್ನು ಪರದೆಯ ವಿಷಯ. ಒಂದು ಭಾನುವಾರ ಅಕ್ಕನ ಮನೆಯ ಟಿ.ವಿ. ರಿಮೋಟು ಹಿಡಿದು ಕೂತೆ. ಕೆಲವು ಮಕ್ಕಳ ಚಾನೆಲ್‌ಗಳಲ್ಲಿ ಭಾಷೆಯ ಗುಂಡಿ ಒತ್ತಿದರೆ ಕನ್ನಡ ಧ್ವನಿಯೂ ಬರುತ್ತದೆ. ಅಕ್ಕನಿಗೂ ಭಾವನಿಗೂ ಇದು ಗೊತ್ತೇ ಇರಲಿಲ್ಲ. ಕೇಬಲ್‌ನವನು ಬಂದು ಹಚ್ಚಿಕೊಟ್ಟ ದಿನ ಅದು ಹಿಂದಿಯಲ್ಲಿತ್ತು, ಆಮೇಲೆ ಯಾರೂ ಮುಟ್ಟಲಿಲ್ಲ. ಬಹಳ ದೊಡ್ಡ ಶೋಧ ಮಾಡಿದವನಂತೆ ಕನ್ನಡಕ್ಕೆ ಹಾಕಿದೆ. ಅಳಿಯ ಐದು ನಿಮಿಷ ನೋಡಿ ಮುಖ ಸಿಂಡರಿಸಿದ. ‘ಮಾಮಾ, ಇವ್ರು ಹಿಂಗ್ಯಾಕ ಮಾತಾಡ್ಲತ್ತಾರ? ಹಿಂದಿನೇ ಹಚ್ಚು’ ಎಂದ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಅವನು ಹೇಳಿದ್ದು ಸರಿ ಅನ್ನಿಸಿತು. ಆ ಪಾತ್ರಗಳು ಮಾತಾಡುತ್ತಿದ್ದುದು ಬೆಂಗಳೂರಿನ ಕನ್ನಡ. ‘ಬರ್ತಾ ಇದೀನಿ ಕಣೋ’ ಎಂಬ ಮಾತು ಭಾಲ್ಕಿಯ ಯಾವ ಓಣಿಯಲ್ಲೂ ಹುಟ್ಟುವುದಿಲ್ಲ, ಇಲ್ಲಿ ‘ಬರ್ಲತ್ತೀನಿ’ ಅಂತಾರೆ. ಪಾಠದ ಕನ್ನಡ ಒಂದು ಬಗೆ, ಟಿ.ವಿ. ಕನ್ನಡ ಇನ್ನೊಂದು ಬಗೆ, ಅವ್ವನ ಕನ್ನಡ ಮೂರನೆಯದು. ಮೊದಲ ಎರಡೂ ಅವನಿಗೆ ಹೊರಗಿನವು. ಹಿಂದಿಯೂ ಹೊರಗಿನದೇ, ಆದರೆ ಅದು ನಗಿಸುತ್ತದೆ. ಎಂಟು ವರ್ಷದ ಹುಡುಗ ಯಾವುದನ್ನು ಆರಿಸುತ್ತಾನೆ?

ಸಿನಿಮಾ ವಿಷಯ ಹೆಚ್ಚು ಹೇಳುವುದಿಲ್ಲ. ದೀಪಾವಳಿಗೂ ಮುಂಚೆ, ಶ್ರಾವಣದಲ್ಲಿ, ‘ಮಹಾವತಾರ ನರಸಿಂಹ’ ಬಂದಾಗ ಅಕ್ಕ-ಮಕ್ಕಳನ್ನು ಭಾಲ್ಕಿಯಿಂದ ಬೀದರ್‌ಗೆ ಕರೆತಂದಿದ್ದೆ. ಅಕ್ಕನಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಸಣ್ಣವಳಿಗೆ ವಯಸ್ಸಿನ ರಿಯಾಯಿತಿ, ಅಳಿಯನಿಗೆ ಅರ್ಧ, ನನಗೆ ಪೂರ್ತಿ. ಕನ್ನಡದ ಹೊಂಬಾಳೆ ಸಂಸ್ಥೆ ಅರ್ಪಿಸಿದ ಅನಿಮೇಷನ್ ಚಿತ್ರ, ಕನ್ನಡದಲ್ಲೂ ಬಂದಿತ್ತು. ಆದರೆ ಸಂಜೆಯ ಕೊನೇ ಬಸ್ಸಿಗೆ ಹೊಂದುವ ಆಟ ನಮಗೆ ಸಿಕ್ಕಿದ್ದು ಹಿಂದಿಯದು. ಮಕ್ಕಳು ಬಾಯಿ ಬಿಟ್ಟು ನೋಡಿದರು, ಅಕ್ಕ ಕಣ್ಣೊರೆಸಿಕೊಂಡಳು, ಅದರಲ್ಲಿ ಕೊರತೆಯಿಲ್ಲ. ಆಮೇಲೆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದ್ದು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟದ್ದು ಎಲ್ಲ ಟಿ.ವಿ.ಯಲ್ಲಿ ಭಾರಿ ಚರ್ಚೆಯಾಯಿತು. ಭಾಲ್ಕಿಯ ಕುಟುಂಬಕ್ಕೆ ಟಿಕೆಟ್ಟಿಗಿಂತ ಮೊದಲಿನ ಪ್ರಶ್ನೆ 40 ಕಿಲೋಮೀಟರ್ ಮತ್ತು ಕೊನೇ ಬಸ್ಸು. ಕಾಸರಗೋಡಿನ ಕನ್ನಡ ಶಾಲೆಯ ಬಗ್ಗೆ ರಿಷಬ್ ಶೆಟ್ಟಿ 2018ರಲ್ಲಿ ತೆಗೆದ ಸಿನಿಮಾಕ್ಕೆ ಉತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತಲ್ಲ, ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅಳಿಯ ಎರಡು ಸಲ ನೋಡಿದ. ಅಲ್ಲಿನ ಕನ್ನಡವೂ ನಮ್ಮದಲ್ಲ, ಆದರೂ ನೋಡಿದ. ಆ ಹುಡುಗರು ಪುಸ್ತಕದಂತೆ ಮಾತಾಡದೆ ತಮ್ಮೂರಿನಂತೆ ಮಾತಾಡುತ್ತಿದ್ದರು, ಅದಕ್ಕಿರಬಹುದು.

ಗಡಿಯ ಆಚೆ ಏನಿದೆ ಎಂಬುದು ನನಗೆ ತಿಳಿದದ್ದು ಆಕಸ್ಮಿಕವಾಗಿ. ಔರಾದ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮರಾಠಿ ಮಾತಾಡುವವರು. ಅವರ ಮೊಮ್ಮಗಳು ಮಹಾರಾಷ್ಟ್ರದ ಉದಗೀರದಿಂದ ರಜೆಗೆ ಬಂದಿದ್ದಳು. ಅಜ್ಜಿಯ ಫೋನಿನಲ್ಲಿ ಏನೋ ಓದಿ ನಗುತ್ತಿದ್ದಳು. ನೋಡಿದರೆ ‘ಕಿಶೋರ್’. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ 1971ರಿಂದ ತರುತ್ತಿರುವ ಮಕ್ಕಳ ಮಾಸಿಕ. ಹಳೆಯ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಪಾಠ ಅಚ್ಚು ಹಾಕುವ ಸರ್ಕಾರಿ ಮಂಡಳಿಯೇ ಮಕ್ಕಳಿಗೆ ಕಥೆಯನ್ನೂ ಕೊಡುತ್ತಿದೆ, ಐವತ್ತು ವರ್ಷಕ್ಕೂ ಮೇಲೆ! ನನ್ನ ರೂಮ್‌ಮೇಟ್ ಬೀದರ್ ಹಳೇ ಶಹರದ ಹುಡುಗ, ಮನೆಯಲ್ಲಿ ಉರ್ದು. ಅವನ ತಮ್ಮನಿಗೆ ‘ಬಚ್ಚೋಂ ಕಿ ದುನಿಯಾ’ ಬರುತ್ತದೆ. ಕೇಂದ್ರದ ಉರ್ದು ಪ್ರಚಾರ ಮಂಡಳಿ 2013ರಲ್ಲಿ ಶುರು ಮಾಡಿದ ಬಣ್ಣದ ಪತ್ರಿಕೆ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಕರ್ನಾಟಕದ ನೆಲದಲ್ಲಿ, ಒಂದೇ ಬೀದಿಯಲ್ಲಿ, ಮರಾಠಿ ಮಗುವಿಗೂ ಉರ್ದು ಮಗುವಿಗೂ ತಿಂಗಳ ಪತ್ರಿಕೆ ಇದೆ. ಕನ್ನಡದ ಮಗುವಿಗೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇದೆ.

ಇದು ಕನ್ನಡಕ್ಕೆ ಬರ ಬಿದ್ದ ಕಥೆಯಲ್ಲ ಎಂಬುದೇ ಹೆಚ್ಚು ನೋವಿನದು. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ಮರುವರ್ಷ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಬರೆಯುವವರು ಇದ್ದಾರೆ, ದೇಶವೇ ಗುರುತಿಸುತ್ತಿದೆ. ನಾನು ಸುತ್ತಿದ ಅಂಗಡಿಗಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಚಂದದ ತೆಳು ಪುಸ್ತಕಗಳು ಕನ್ನಡದಲ್ಲೂ ಇವೆ, ಅವೂ ಇಲ್ಲ. ಪುಸ್ತಕ ಹುಟ್ಟುವ ಜಾಗಕ್ಕೂ ಮಗು ಕೂತಿರುವ ಜಾಗಕ್ಕೂ ನಡುವೆ ರಸ್ತೆ ಕಡಿದು ಹೋಗಿದೆ. ಬೀದರ್‌ನ ಮಹಮೂದ್ ಗಾವಾನ್ ಮದರಸಾವನ್ನು ಮಕ್ಕಳಿಗೆ ತೋರಿಸಲು ಹೋದಾಗ ಇದೇ ತಲೆಯಲ್ಲಿ ಸುತ್ತುತ್ತಿತ್ತು. 1472ರಲ್ಲಿ ಕಟ್ಟಿದ ಆ ವಿದ್ಯಾಶಾಲೆಯಲ್ಲಿ ಮೂರು ಸಾವಿರ ಹಸ್ತಪ್ರತಿಗಳ ಗ್ರಂಥಾಲಯ ಇತ್ತೆಂದು ಹೇಳುತ್ತಾರೆ. ಪಾಠ ಹೇಳಲು ವಿದ್ವಾಂಸರು ಸಮುದ್ರ ದಾಟಿ ಈ ಊರಿಗೆ ಬರುತ್ತಿದ್ದರು. ಈಗ ಬೆಂಗಳೂರಿನ ಒಂದು ತೆಳು ಪುಸ್ತಕ ಇಲ್ಲಿಗೆ ಬರಲಾರದು.

ಗ್ರಂಥಾಲಯ ಇಲ್ಲವೇ ಎಂದು ಕೇಳುತ್ತೀರಿ. ಇದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಪ್ರತಿ 100 ರೂಪಾಯಿಗೆ 6 ರೂಪಾಯಿ ಗ್ರಂಥಾಲಯ ಕರ ಇದೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ. ನಾನು ಹೋದ ಒಂದು ಗ್ರಂಥಾಲಯದ ಹೆಸರು ಬೇಡ, ಊರಿನ ಹೆಸರೂ ಬೇಡ. ಅಲ್ಲಿ ಮಕ್ಕಳ ಕಪಾಟು ಇತ್ತು, ಪುಸ್ತಕಗಳೂ ಚೆನ್ನಾಗಿದ್ದವು, ಬೀಗವೂ ಚೆನ್ನಾಗಿತ್ತು. ‘ಹುಡುಗ್ರು ಹರೀತಾರ’ ಎಂದರು ಅಲ್ಲಿದ್ದವರು. ಓದುವ ಮೇಜಿನ ಸುತ್ತ ನನ್ನ ವಯಸ್ಸಿನವರೇ, ಎಲ್ಲರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರು. ಅವರನ್ನು ದೂರುವಂತಿಲ್ಲ, ನಾಳೆ ನಾನೂ ಅಲ್ಲೇ ಕೂರಬೇಕು. ಆದರೆ ಪಿಸುಗುಟ್ಟಿದರೂ ತಿರುಗಿ ನೋಡುವ ಆ ಕೋಣೆಯಲ್ಲಿ ಐದು ವರ್ಷದ ಮಗು ಎಲ್ಲಿ ಕೂರಬೇಕು? ಇದಕ್ಕೆ ವಿರುದ್ಧವಾದುದನ್ನೂ ಕಂಡೆ. ಔರಾದ್ ತಾಲ್ಲೂಕಿನ ಒಂದು ಹಳ್ಳಿಯ ಅರಿವು ಕೇಂದ್ರದಲ್ಲಿ, ಅಂದರೆ ಮೊದಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಮೇಲ್ವಿಚಾರಕಿಯೊಬ್ಬರು ಚಾಪೆ ಹಾಸಿ ಪುಸ್ತಕಗಳನ್ನು ನೆಲದ ಮೇಲೆ ಹರವಿದ್ದರು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಮಕ್ಕಳು ಬರುವುದು ಶಾಲೆ ಬಿಟ್ಟ ಮೇಲೆ ಎಂದು ಅವರು ಸಂಜೆ ತಡವಾಗಿ ಬಾಗಿಲು ಹಾಕುತ್ತಾರೆ. ‘ಹರದ್ರ ಹರೀಲ್ರಿ, ಗೋಂದ್ ಅದ’ ಎಂದರು ನಗುತ್ತಾ. ಎರಡಕ್ಕೂ ದುಡ್ಡು ಕೊಡುವುದು ಸರ್ಕಾರವೇ. ವ್ಯತ್ಯಾಸ ಬೀಗದ ಕೈ ಹಿಡಿದವರಲ್ಲಿ.

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ಕೆಲಸಕ್ಕೆ ಬಂದದ್ದು ಮೊಬೈಲೇ, ಅದೇ ತಮಾಷೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಮಕ್ಕಳ ಚಿತ್ರಕಥೆಗಳು ಕನ್ನಡದಲ್ಲೂ ರಾಶಿ ಇವೆ. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ. ಎಲ್ಲವೂ ಮುಕ್ತ ಪರವಾನಗಿಯವು. ಬರೆದವರ, ಚಿತ್ರ ತೆಗೆದವರ ಹೆಸರು ಹಾಕಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ಅನುವಾದಿಸಬಹುದು, ಬದಲಿಸಲೂಬಹುದು. ಕಾಲೇಜಿನ ಮುಂದಿನ ಝೆರಾಕ್ಸ್ ಅಂಗಡಿಯಲ್ಲಿ ಲೆಕ್ಕ ಹಾಕಿದೆ. 20 ಪುಟದ ಕಥೆ, ಒಂದು ಬದಿಗೆ ಎರಡು ಪುಟ, ಎರಡೂ ಬದಿ ಅಂದರೆ 5 ಹಾಳೆ, ಕಪ್ಪು-ಬಿಳುಪಿನಲ್ಲಿ 20 ರೂಪಾಯಿ. ಮೂರು ಕಥೆ ತೆಗೆಸಿ ಭಾಲ್ಕಿಗೆ ಒಯ್ದೆ. ಬಣ್ಣ ಇಲ್ಲದ್ದು ಒಳ್ಳೆಯದೇ ಆಯಿತು, ಸಣ್ಣವಳು ಕ್ರೇಯಾನ್ ಹಿಡಿದು ತಾನೇ ಬಣ್ಣ ಹಚ್ಚಿದಳು. ಅಳಿಯ ಮಾತ್ರ ಮೊದಲ ಕಥೆಯನ್ನು ಮತ್ತೆ ಸ್ಟಾಪಿನ ಹೆಸರಿನಂತೆ ಕೂಗಿ ಓದಿದ.

ಬದಲಿಸಲೂಬಹುದು ಎಂಬ ಮಾತು ಆಗ ನೆನಪಾಯಿತು. ರೂಮಿಗೆ ಬಂದು ಒಂದು ಕಥೆಯನ್ನು ನಮ್ಮ ಮಾತಿಗೆ ತಿರುಗಿಸಿದೆ. ‘ಅವನು ಎಲ್ಲಿಗೆ ಹೋಗುತ್ತಿದ್ದಾನೆ?’ ಎಂಬುದು ‘ಅಂವ ಎಲ್ಲಿ ಹೋಗ್ಲತ್ತಾನ?’ ಎಂದಾಯಿತು. ‘ನನಗೆ ತಿಳಿಯದು’ ಎಂಬುದು ‘ನನಗೇನ್ ಗೊತ್ತೋ ಮಾರಾಯ’ ಎಂದಾಯಿತು. ಒಂದು ರಾತ್ರಿಯ ಕೆಲಸ, ಮರುದಿನ ಇಂಟರ್ನಲ್ಸ್ ಇತ್ತು, ಅದರ ಅಂಕ ಇಲ್ಲಿ ಹೇಳುವುದಿಲ್ಲ. ಭಾಲ್ಕಿಯಲ್ಲಿ ಅಳಿಯ ಮೊದಲ ಸಾಲು ಓದಿ ನಿಂತ. ಮತ್ತೊಮ್ಮೆ ಓದಿದ. ‘ಅವ್ವಾ, ಪುಸ್ತಕದಾಗ ನಿನ್ನಂಗೇ ಬರ್ದಾರ!’ ಎಂದು ಅಡುಗೆಮನೆಗೆ ಓಡಿದ. ಆ ಸಂಜೆ ಅವನು ಕೂಗಲಿಲ್ಲ, ಓದಿದ. ನಡುನಡುವೆ ನಕ್ಕ. ಮುಗಿದ ಮೇಲೆ ಏನಾಯಿತೆಂದು ನಾನು ಕೇಳಬೇಕಾಗಿ ಬರಲಿಲ್ಲ, ತಂಗಿಗೆ ತಾನೇ ಹೇಳುತ್ತಿದ್ದ.

ಅಕ್ಕನಿಗೆ ಮಾತ್ರ ಅಳುಕು. ‘ಶಾಲ್ಯಾಗ ಹಿಂಗ ಬರದ್ರ ತಪ್ಪು ಹಾಕ್ತಾರಲ್ಲೋ’ ಎಂದಳು. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷೆಯ ಕನ್ನಡ ಬೇಕೇ ಬೇಕು, ಇಲ್ಲದಿದ್ದರೆ ನಮ್ಮ ಹುಡುಗರು ಎಲ್ಲದರಲ್ಲೂ ಹಿಂದೆ ಬೀಳುತ್ತಾರೆ. ಆದರೆ ಮನೆಯ ಕನ್ನಡದ ಮೆಟ್ಟಿಲಿಲ್ಲದೆ ಆ ಕನ್ನಡಕ್ಕೆ ಮಗು ಹತ್ತುವುದು ಹೇಗೆ? ನಾನು ಡಿಂಗನನ್ನು ಓದುವಾಗ ಅಕ್ಕ ಪಕ್ಕದಲ್ಲಿ ಕೂತು ಅರ್ಥವಾಗದ ಮಾತನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಅವಳು ಬಾಯಲ್ಲಿ ಮಾಡಿದ್ದನ್ನೇ ನಾನು ಹಾಳೆಯ ಮೇಲೆ ಮಾಡಿದ್ದು. ಭಾಲ್ಕಿಗೆ ಇದು ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ, ಕನ್ನಡ ಕಲಿಸುವುದೇ ಕಷ್ಟವಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ನಮ್ಮ ಜಿಲ್ಲೆಯ ಪ್ರತಿ ಮಗುವೂ ಕೇಳಿದ ಸಂಗತಿ. ಈಗ ಎಲ್ಲ ಬೋರ್ಡುಗಳೂ ಕನ್ನಡದಲ್ಲೇ ಇವೆ.

ಆಸ್ಟ್ರೇಲಿಯಾ ಕಳೆದ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆ ನಿಷೇಧಿಸಿದ ಮೇಲೆ ನಮ್ಮಲ್ಲೂ ಅಂಥ ಕಾನೂನು ಬೇಕು ಎಂಬ ಮಾತು ಕೇಳುತ್ತಿದೆ. ಇರಲಿ, ಬೇಡವೆನ್ನುವುದಿಲ್ಲ. ಅಕ್ಕ ತನ್ನ ಮನೆಯ ಮಟ್ಟಿಗೆ ಆ ಕಾನೂನನ್ನು ಹೋದ ವರ್ಷವೇ ಮಾಡಿದ್ದಳು. ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಅಳಿಯ ಎರಡು ದಿನ ಗೋಡೆ ನೋಡುತ್ತಾ ಕೂತ, ಮೂರನೇ ದಿನ ಪಕ್ಕದ ಮನೆಗೆ ಹೋಗಿ ಅವರ ಫೋನಿನಲ್ಲಿ ನೋಡಿದ. ಕಿತ್ತುಕೊಂಡ ಕೈಗೆ ಕೊಡಲು ಅವಳ ಹತ್ತಿರ ಏನೂ ಇರಲಿಲ್ಲ. ಅದಕ್ಕೇ ಆ 500 ರೂಪಾಯಿ. ನಿಷೇಧದ ಚರ್ಚೆ ಬೆಂಗಳೂರು, ದೆಹಲಿಯಲ್ಲಿ ನಡೆಯಲಿ. ಬೀದರ್ ಜಿಲ್ಲೆಗೆ ಬೇಕಾದದ್ದು ಇನ್ನೂ ಸಣ್ಣದು. ಬಸ್ ನಿಲ್ದಾಣಗಳಲ್ಲಿ ಒಂದು ಮಳಿಗೆಯನ್ನು ಕಡಿಮೆ ಬಾಡಿಗೆಗೆ ಪುಸ್ತಕ-ಪತ್ರಿಕೆಗೆಂದೇ ಮೀಸಲಿಡಬಹುದು. ಪುರಸ್ಕಾರ ಪಡೆದ ಮಕ್ಕಳ ಪುಸ್ತಕ ಪ್ರತಿ ಅರಿವು ಕೇಂದ್ರಕ್ಕೆ ತಾನಾಗಿ ಬಂದು ಬೀಳುವಂತೆ ಮಾಡಬಹುದು. ನಮ್ಮ ಪಠ್ಯಪುಸ್ತಕ ಸಂಘ ‘ಕಿಶೋರ್’ನ ಒಂದು ಸಂಚಿಕೆ ತರಿಸಿ ನೋಡಬಹುದು, ಉದಗೀರ ದೂರವಿಲ್ಲ. ನನ್ನಂಥ ವಿದ್ಯಾರ್ಥಿಗಳು ಜಿಲ್ಲೆಯಲ್ಲಿ ಸಾವಿರಾರು ಮಂದಿ ಇದ್ದೇವೆ. ತಲೆಗೊಂದು ಕಥೆ ತಿರುಗಿಸಿದರೂ ಬೀದರ್ ಕನ್ನಡದ ಒಂದು ಕಪಾಟು ತುಂಬುತ್ತದೆ. ಮೊದಲ ಕಥೆಯನ್ನು ತಿದ್ದಿದ್ದು ನನ್ನ ಉರ್ದು ಮಾತಾಡುವ ರೂಮ್‌ಮೇಟ್. ‘ಹಿಂಗ್ ಯಾರೂ ಅನ್ನಲ್ಲೋ’ ಎಂದು ಆರು ಕಡೆ ಗೀಚಿದ್ದ, ಆರೂ ಸರಿಯಾಗಿದ್ದವು.

ಹೋದ ವಾರ ಔರಾದ್‌ಗೆ ಹೋದಾಗ ಅಪ್ಪನಿಗೆ ಆ ಝೆರಾಕ್ಸ್ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿದರು. ಏನೂ ಅನ್ನಲಿಲ್ಲ. ರಾತ್ರಿ ಊಟದ ಹೊತ್ತಿಗೆ, ‘ಇಂಥಾವ ಇನ್ನೂ ಎಷ್ಟ್ ಅವ?’ ಎಂದು ಕೇಳಿದರು. ಸದ್ಯ ನಾಲ್ಕು ಅಂದೆ. ಬೆಳಿಗ್ಗೆ ಎದ್ದು ನೋಡಿದರೆ ಮೊಳೆಗೆ ತೂಗುಹಾಕಿದ್ದ ಹಳೇ ಟಿಕೆಟ್ ಚೀಲ ಇಳಿಸಿ ಧೂಳು ಜಾಡಿಸುತ್ತಿದ್ದರು. ‘ಹತ್ತ್ಹತ್ತು ಕಾಪಿ ತೆಗ್ಸು. ಶನಿವಾರ ನಾ ಬೀದರ್‌ಗೆ ಬರ್ತೀನಿ’ ಎಂದರು. ಉಳಿದ 140 ರೂಪಾಯಿಗೆ ಏಳು ಕಾಪಿ ಆಗುತ್ತವೆ. ಮಿಕ್ಕಿದ್ದಕ್ಕೆ ದುಡ್ಡು ಅಪ್ಪನೇ ಕೊಡಬೇಕು.